ಕಾರ್ಡಿನ ಹಿಂಬದಿಯ ಹೆಸರು



ಯಾರಾದರೂ ನಿಮ್ಮ ಕೈಗೊಂದು ಗ್ರೀಟಿಂಗ್ ಕಾರ್ಡು ಕೊಟ್ಟರೆ ಮೊದಲು ಏನನ್ನು ನೋಡುತ್ತೀರಿ? ಮುಂಭಾಗದ ಚಿತ್ರ. ಆಮೇಲೆ ಒಳಗಿನ ನಾಲ್ಕು ಸಾಲು, ಕೊಟ್ಟವರ ಸಹಿ. ಹಿಂಬದಿ ತಿರುಗಿಸಿ ನೋಡುವವರು ಬಹಳ ಕಡಿಮೆ. ನೋಡಿದರೂ ಬೆಲೆ ಎಷ್ಟೆಂದು ತಿಳಿಯಲಿಕ್ಕೆ. ಅದನ್ನೂ ಕೊಟ್ಟವರು ಜಾಣತನದಿಂದ ಪೆನ್ನಿನಲ್ಲಿ ಗೀಚಿ ಹಾಕಿರುತ್ತಾರೆ! ಈ ಸಲದ ನನ್ನ ಹರಟೆ ಆ ಹಿಂಬದಿಯ ಕುರಿತಾದದ್ದು.

ಕಾರಣ ಇದೆ. ಸಂಘದ ಯುವ ವಿಭಾಗದ ಇಬ್ಬರು ಹುಡುಗಿಯರು ಹೋದ ತಿಂಗಳು ನನ್ನನ್ನು ಹಿಡಿದು ನಿಲ್ಲಿಸಿದರು. ಒಬ್ಬಳು ಕಮರ್ಷಿಯಲ್ ಆರ್ಟ್ ಕಲಿತವಳು, ಇನ್ನೊಬ್ಬಳು ಆಫೀಸಿನ ಕೆಲಸದಲ್ಲಿ ಬೇಸತ್ತವಳು. “ಆಂಟಿ, ನಾವಿಬ್ಬರೂ ಸೇರಿ ಕಾರ್ಡು ಮಾಡಿ ಮಾರಬೇಕೂಂತ ಇದ್ದೇವೆ. ಇದರಲ್ಲಿ ಹೊಟ್ಟೆ ತುಂಬುತ್ತದಾ?” ಎಂದು ಕೇಳಿದರು. ನನಗೆ ವ್ಯಾಪಾರ ತಿಳಿಯದು. ಆದರೆ ನನ್ನ ಅಕ್ಕನ ಮಗಳೂ ಅವಳ ಗಂಡನೂ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಅವಳು ಚಿತ್ರ ಬರೆಯುತ್ತಾಳೆ, ಅವನು ಅಚ್ಚು ಹಾಕುತ್ತಾನೆ, ಮಡಚಿ ಕವರಿಗೆ ಸೇರಿಸುವುದು ಇಬ್ಬರೂ. ದೀಪಾವಳಿ ಹತ್ತಿರ ಬಂದಾಗ ನಾನೂ ಹೋಗಿ ಕೂತು ಕವರು ತುಂಬುವುದುಂಟು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

“ವಾಟ್ಸಾಪ್ ಬಂದ ಮೇಲೆ ಕಾರ್ಡು ಯಾರಿಗೆ ಬೇಕು?” ಎಂದು ನಿಮ್ಮ ಅಪ್ಪ ಅಮ್ಮ ಕೇಳಿಯಾರು. ಅವರು ಹಾಗೆ ಕೇಳುವುದಕ್ಕೂ ಕಾರಣ ಇದೆ. ನಾನು ಊರಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಡಿಸೆಂಬರ್ ಬಂತೆಂದರೆ ಚಾವಡಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ದಾರ ಕಟ್ಟಿ, ಬಂದ ಕಾರ್ಡುಗಳನ್ನೆಲ್ಲ ಬಟ್ಟೆ ಒಣಹಾಕಿದ ಹಾಗೆ ತೂಗುಹಾಕುತ್ತಿದ್ದೆವು. ಯಾರ ಮನೆಯ ದಾರ ಹೆಚ್ಚು ಜೋತುಬಿದ್ದಿದೆ ಎಂಬುದು ದೊಡ್ಡ ಪ್ರತಿಷ್ಠೆಯ ವಿಷಯ! ಆ ಕಾಲದ ಎರಡು ಹೆಸರುಗಳು ಹುಟ್ಟಿದ್ದು 1979ರಲ್ಲೇ. ದೆಹಲಿಯಲ್ಲಿ ಅನಿಲ್ ಮೂಲ್‌ಚಂದಾನಿ ಎಂಬವರು ‘ಆರ್ಚೀಸ್’ ಆರಂಭಿಸಿದರು. ಮೊದಲು ಮಾರಿದ್ದು ಪೋಸ್ಟರು ಮತ್ತು ಹಾಡಿನ ಪುಸ್ತಕ. ನಮ್ಮ ಮುಂಬಯಿಯಲ್ಲಿ ರಿಪ್ಪನ್ ಕಪೂರ್ ಎಂಬ ವಿಮಾನ ಸಂಸ್ಥೆಯ ನೌಕರ ಆರು ಮಂದಿ ಗೆಳೆಯರೊಂದಿಗೆ 50 ರೂಪಾಯಿ ಇಟ್ಟು ‘ಕ್ರೈ’ ಸಂಸ್ಥೆ ಕಟ್ಟಿದ. ಮುಂದೆ ಮಕ್ಕಳ ಕೆಲಸಕ್ಕೆ ಹಣ ಕೂಡಿಸಿದ್ದರಲ್ಲಿ ಅದರ ಗ್ರೀಟಿಂಗ್ ಕಾರ್ಡುಗಳದ್ದು ದೊಡ್ಡ ಪಾತ್ರ. ಆಮೇಲೆ ಎಸ್.ಎಂ.ಎಸ್. ಬಂತು, ಇ-ಕಾರ್ಡು ಬಂತು, ವಾಟ್ಸಾಪೂ ಬಂತು. ಪಟ್ಟಿ ನೋಡಿಕೊಂಡು ನೂರು ಮಂದಿಗೆ ಕಳಿಸುತ್ತಿದ್ದ ‘ನಿಮಗೂ ಹಾಗೆಯೇ’ ಜಾತಿಯ ಶುಭಾಶಯ ಪೂರ್ತಿ ಫೋನಿಗೆ ಹೋಯಿತು. ಹೋದದ್ದು ಒಳ್ಳೆಯದೇ ಅನ್ನಿ. ಒಬ್ಬರಿಗಾಗಿಯೇ ಆರಿಸಿ ಕೊಡುವ ಕಾರ್ಡು ಮಾತ್ರ ಉಳಿದುಕೊಂಡಿದೆ. ಅದಕ್ಕೆ ಜನ ಎರಡು ಕಾಸು ಹೆಚ್ಚು ಕೊಡಲಿಕ್ಕೂ ತಯಾರು. ನನ್ನ ಅಕ್ಕನ ಮಗಳಂಥವರ ಬದುಕು ನಡೆಯುವುದು ಆ ಉಳಿಕೆಯ ಮೇಲೆ.

ಚಿತ್ರ ಬರೆಯುವುದು ಈ ಕಸುಬಿನ ಸಣ್ಣ ಭಾಗ, ಇದು ತಿಳಿದಿರಲಿ. ಉಳಿದದ್ದೆಲ್ಲ ಕಾಗದ, ಶಾಯಿ, ಲೆಕ್ಕ, ಓಡಾಟ. ಆಫ್‌ಸೆಟ್ ಅಚ್ಚಿನಲ್ಲಿ ಪ್ಲೇಟು ಮಾಡಿ, ಯಂತ್ರ ಹೊಂದಿಸಿ, ಮೊದಲನೆಯ ಸರಿಯಾದ ಹಾಳೆ ಹೊರಬರುವಷ್ಟರಲ್ಲಿ ಖರ್ಚಿನ ದೊಡ್ಡ ಪಾಲು ಮುಗಿದಿರುತ್ತದೆ. ಹಾಗಾಗಿ 200 ಕಾರ್ಡು ಹಾಕಿಸಿದರೂ 1000 ಹಾಕಿಸಿದರೂ ಬಿಲ್ಲಿನಲ್ಲಿ ಅಂಥ ದೊಡ್ಡ ಅಂತರ ಕಾಣುವುದಿಲ್ಲ. “ಹೇಗೂ ಅಷ್ಟೇ ಅಲ್ಲವಾ, ಸಾವಿರವೇ ಹಾಕಿಸಿಬಿಡುವಾ” ಎಂದು ಆಸೆಯಾಗುತ್ತದೆ. ಇವರಿಗೂ ಮೊದಲ ವರ್ಷ ಆಯಿತು. ಆ ಕಾರ್ಡಿನ ಪೆಟ್ಟಿಗೆಗಳು ಈಗಲೂ ಅವರ ಮಂಚದಡಿ ಇವೆ. ಮಗು ಅವುಗಳ ಹಿಂದೆ ಕಣ್ಣಾಮುಚ್ಚಾಲೆ ಆಡುತ್ತದೆ. ಈಗ ಅವರು ಹೆಚ್ಚಿನದನ್ನು ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಾರೆ, ಉಳಿದದ್ದಕ್ಕೆ ಡಿಜಿಟಲ್. ಸ್ಕ್ರೀನಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಚೌಕಟ್ಟು, ಬೇರೆ ಎಳೆತ. ಮೂರು ಬಣ್ಣದ 300 ಕಾರ್ಡೆಂದರೆ 900 ಸಲ ಕೈ ಎಳೆಯಬೇಕು. ಅಳಿಯನ ಬಲಭುಜಕ್ಕೆ ರಾತ್ರಿ ಎಣ್ಣೆ ತಿಕ್ಕುವುದು ಆ ಮನೆಯ ದಿನಚರಿ.

ಕಾಗದದ ಲೆಕ್ಕವೂ ಕೇಳಿ. 5 ಇಂಚು ಅಗಲ, 7 ಇಂಚು ಎತ್ತರದ ಕಾರ್ಡನ್ನು ಬಿಡಿಸಿದರೆ 10 ಇಂಚು 7 ಇಂಚು ಆಗುತ್ತದೆ. 23 ಇಂಚು 36 ಇಂಚಿನ ಒಂದು ಹಾಳೆಯಿಂದ ಅಂಥವು 10 ಬರುತ್ತವೆ. ಚಿತ್ರ ಚೆನ್ನಾಗಿ ಕಾಣಲಿ ಎಂದು ಕಾರ್ಡನ್ನು ಉದ್ದಗಲಕ್ಕೆ ಒಂದೊಂದೇ ಇಂಚು ಹಿಗ್ಗಿಸಿದಿರೋ, ಹೆಚ್ಚೆಂದರೆ 7. ಮಿಕ್ಕಿದ್ದು ಪಟ್ಟಿ ಪಟ್ಟಿಯಾಗಿ ರದ್ದಿಗೆ. ಕಾಗದದ ಎಳೆಗೊಂದು ದಿಕ್ಕೂ ಇದೆ. ದಪ್ಪ ಬೋರ್ಡನ್ನು ಆ ಎಳೆಗೆ ಅಡ್ಡವಾಗಿ ಮಡಚಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ದೀಪಾವಳಿಯ ಕಾರ್ಡು ಅಂಗಡಿಗೆ ಮುಟ್ಟಬೇಕಾದರೆ ಅಚ್ಚಿನ ಕೆಲಸ ನಡೆಯಬೇಕಾದದ್ದು ಜುಲೈ ಆಗಸ್ಟಿನಲ್ಲಿ. ನಮ್ಮ ಮುಂಬಯಿ ಮಳೆಯೋ, ನಿಮಗೇ ಗೊತ್ತು! ಹಾಳೆ ಗಾಳಿಯ ತೇವ ಹೀರಿ ಹಪ್ಪಳದಂತೆ ಸೊಟ್ಟಗಾಗುತ್ತದೆ, ಶಾಯಿ ಒಣಗುವುದಿಲ್ಲ. ಎರಡು ಫ್ಯಾನು ಕಾಗದಕ್ಕೆ ತಿರುಗುತ್ತಿರುತ್ತವೆ, ಮನುಷ್ಯರು ಬೆವರುತ್ತಿರುತ್ತಾರೆ.

ಇನ್ನು ದುಡ್ಡು. ಲೆಕ್ಕ ತಿಳಿಯಲಿಕ್ಕಾಗಿ ಒಂದು ಕಾರ್ಡಿನ ಬೆಲೆ 80 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯವನ ಪಾಲು ಅರ್ಧ, 40. ಕಾಗದ, ಅಚ್ಚು, ಕವರು, ಮೇಲಿನ ಪ್ಲಾಸ್ಟಿಕ್ ಲಕೋಟೆ ಎಲ್ಲ ಸೇರಿ 20. ಸಾಗಾಟ, ಕೊಳೆಯಾಗಿ ಮೂಲೆ ಮಡಚಿ ವಾಪಸು ಬಂದದ್ದು ಎಂದು 10. ಉಳಿದದ್ದು 10. ಇಬ್ಬರ ಸಂಸಾರಕ್ಕೆ ತಿಂಗಳಿಗೆ 30,000 ಬೇಕೆಂದರೆ 3000 ಕಾರ್ಡು ಮಾರಬೇಕು. ದಿನಕ್ಕೆ ನೂರು, ಭಾನುವಾರವೂ ಸೇರಿ! ಅದೂ ಹೆಚ್ಚಿನ ಅಂಗಡಿಯವರು ಮಾಲು ಇಟ್ಟುಕೊಳ್ಳುವುದು ಬಜಾರಿನ ಭಾಷೆಯಲ್ಲಿ ಹೇಳುವಂತೆ ‘ಜಾಂಗಡ್’ ಲೆಕ್ಕದಲ್ಲಿ. ಮಾರಿದರೆ ಹಣ, ಮಾರದಿದ್ದರೆ ಸರಕು ವಾಪಸು. ನೇರವಾಗಿ ಪ್ರದರ್ಶನಗಳಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಮಾರಿದರೆ ಅಂಗಡಿಯವನ ಪಾಲು ಉಳಿಯುತ್ತದೆ, ಸ್ಟಾಲಿನ ಬಾಡಿಗೆಗೆ ಮತ್ತು ಕೊರಿಯರಿಗೆ ಹೋಗುತ್ತದೆ. ಇವರ ಮನೆಯ ಒಲೆ ಉರಿಯುವುದು ನಿಜವಾಗಿ ಮದುವೆ ಕರೆಯೋಲೆಗಳಿಂದ. ಅಲ್ಲೂ ಪೈಪೋಟಿ ಕಡಿಮೆಯಲ್ಲ; ಗಿರ್ಗಾಂವಿನ ಖಾಡಿಲ್ಕರ್ ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ, ಸಾಲು ಸಾಲು ಲಗ್ನಪತ್ರಿಕೆಯ ಅಂಗಡಿಗಳು.

ಇಷ್ಟೆಲ್ಲ ಕೇಳಿ “ಬೇಡವೇ ಬೇಡ” ಎಂದಿರಾ? ಸ್ವಲ್ಪ ತಡೆಯಿರಿ. ದೊಡ್ಡ ಕಂಪನಿಗೆ ಕಾಣದ ಜಾಗಗಳು ಇರುತ್ತವೆ. ಅಂಗಡಿಯ ಸ್ಟ್ಯಾಂಡಿನಲ್ಲಿ ‘ಅಂಕಲ್’ಗೊಂದು ಕಾರ್ಡು ಸಿಗುತ್ತದೆ. ನಮ್ಮಲ್ಲಿ ಅಂಕಲ್ ಎಂದರೆ ಯಾರು? ಸೋದರಮಾವನೋ, ದೊಡ್ಡಪ್ಪನೋ, ಚಿಕ್ಕಮ್ಮನ ಗಂಡನೋ? ಸೋದರಮಾವನ ಕಾರ್ಡಿನಲ್ಲಿ ಸಲಿಗೆ ಬೇಕು, ದೊಡ್ಡಪ್ಪನದರಲ್ಲಿ ಸ್ವಲ್ಪ ಭಯಭಕ್ತಿ. ಸೀಮಂತಕ್ಕೆ, ಉಪನಯನಕ್ಕೆ, ಷಷ್ಟ್ಯಬ್ದಿಗೆ ಕನ್ನಡದಲ್ಲಿ ಒಂದು ಚಂದದ ಕಾರ್ಡು ಬೇಕೆಂದರೆ ಈ ಊರಿನಲ್ಲಿ ಎಲ್ಲಿ ಹುಡುಕುತ್ತೀರಿ? ಅಕ್ಕನ ಮಗಳು ಹಿಡಿದದ್ದು ಈ ದಾರಿ. ಕನ್ನಡ ಓದಲು ಬಾರದ ಮೊಮ್ಮಕ್ಕಳೂ ಅವಳ ಕಾರ್ಡು ಕೊಳ್ಳುತ್ತಾರೆ. ಒಳಗಿನ ಸಾಲನ್ನು ಅಜ್ಜಿ ಓದಿ ಹೇಳಬೇಕು, ಆ ನೆಪದಲ್ಲಿ ಹತ್ತು ನಿಮಿಷ ಅಜ್ಜಿಯ ಹತ್ತಿರ ಕೂರುತ್ತಾರೆ. ಕನ್ನಡ ಅಚ್ಚಿನ ಕಷ್ಟವೇ ಬೇರೆ. ಕೆಲವು ಡಿಸೈನ್ ಸಾಫ್ಟ್‌ವೇರುಗಳಲ್ಲಿ ಸರಿಯಾದ ಆಯ್ಕೆ ಒತ್ತದಿದ್ದರೆ ಒತ್ತಕ್ಷರಗಳು ಬಿಚ್ಚಿಕೊಂಡು ಬಿಡುತ್ತವೆ. ‘ಹಾರ್ದಿಕ’ ಎಂಬುದು ‘ಹಾರ್‌ದಿಕ’ ಎಂದಾಗಿ ಸಾಲಿನಲ್ಲಿ ನಿಂತಿರುತ್ತದೆ. ಇಲ್ಲಿನ ಪ್ರೆಸ್ಸಿನವರಿಗೆ ಅದು ಕಾಣುವುದೇ ಇಲ್ಲ. ಅದಕ್ಕೇ ಪ್ರೂಫ್ ಮೊದಲು ನನ್ನ ಮನೆಗೆ ಬರುತ್ತದೆ. ಸಂಬಳ ಇಲ್ಲ, ಸಮೋಸ ಇದೆ.

ಅವಳ ಕಾರ್ಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೋದದ್ದು ಸಹಸ್ರಚಂದ್ರ ದರ್ಶನದ್ದು. ಸಾವಿರ ಹುಣ್ಣಿಮೆ ಕಂಡ ಹಿರಿಯರಿಗೆ ಮಾಡುವ ಶಾಂತಿ ಅದು. ಲೆಕ್ಕ ಹಾಕಿ ನೋಡಿ, ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನದಂತೆ ಸಾವಿರ ಆಗುವುದು ಸುಮಾರು 80 ವರ್ಷ 10 ತಿಂಗಳಿಗೆ. ಅವಳು ಕಡುನೀಲಿ ಆಕಾಶದಲ್ಲಿ 25 ಚಂದ್ರರ ಸಾಲು 40 ಬರೆದಳು. ಒಂದೂ ಕಡಿಮೆ ಇಲ್ಲ, ಕಂಪ್ಯೂಟರಿನ ಅಂಟಿಸುವ ಕೆಲಸವೂ ಅಲ್ಲ. ಪ್ರತಿ ಚಂದ್ರನಿಗೂ ಸ್ವಲ್ಪ ಬೇರೆ ಕಲೆ. ಕೆಳಗೆ ಲಂಗ ತೊಟ್ಟ ಪುಟ್ಟ ಹುಡುಗಿಯೊಬ್ಬಳು ಮುಖ ಮೇಲೆತ್ತಿ ನಿಂತಿದ್ದಾಳೆ. ಎರಡನೆಯ ವರ್ಷ ಒಂದು ದೊಡ್ಡ ಅಂಗಡಿಯಲ್ಲಿ ಅದೇ ಆಕಾಶ, ಅದೇ ಲಂಗದ ಹುಡುಗಿ, ಅರ್ಧ ಬೆಲೆಗೆ ಬಂದಿತು. ಹಿಂಬದಿಯಲ್ಲಿ ಬೇರೆ ಹೆಸರು. ನಾನು ಪಟ್ಟು ಹಿಡಿದು ಕೂತು ಎಣಿಸಿದೆ: 20 ಚಂದ್ರರ ಸಾಲು 30, ಒಟ್ಟು 600. ಕದ್ದವನಿಗೆ ಸಾವಿರ ಯಾಕೆ ಎಂಬುದೇ ತಿಳಿದಿರಲಿಲ್ಲ! ಎಂಬತ್ತು ದಾಟಿದ ಅಜ್ಜಿಯನ್ನು ಅವನು ನಲವತ್ತೆಂಟೂವರೆಗೆ ಇಳಿಸಿಬಿಟ್ಟಿದ್ದ. ನಾವು ನಕ್ಕೆವು. ಆದರೆ ಆ ದೀಪಾವಳಿಗೆ ಅವರ ಮಾರಾಟ ಕುಸಿಯಿತು. ಅಳಿಯ ಮೂರು ತಿಂಗಳು ಒಂದು ಪ್ರೆಸ್ಸಿನಲ್ಲಿ ರಾತ್ರಿ ಪಾಳಿಗೆ ಹೋದ. ವಕೀಲರ ಫೀಸು ಕೇಳಿ ದಾವೆಯ ಮಾತು ಬಿಟ್ಟರು.

ಈಗ ಇವರ ಮುಂದೆ ಬಂದದ್ದು ಬೇರೊಂದು ಕಂಪನಿಯ ಕಾಗದ. ಇದು ಕದಿಯಲಿಕ್ಕಲ್ಲ, ಕೊಳ್ಳಲಿಕ್ಕೆ. ಒಂಬತ್ತು ವರ್ಷದ 140 ಡಿಸೈನುಗಳಿಗೆ ಒಟ್ಟಾಗಿ ಒಂದೂವರೆ ಲಕ್ಷ ರೂಪಾಯಿ. ಮಗಳ ಶಾಲೆಯ ಫೀಸು ಕಟ್ಟುವ ಸಮಯ. ಅವಳು ಕಾಗದ ಹಿಡಿದು ನಮ್ಮ ಮನೆಗೆ ಬಂದಳು. “ಚಿಕ್ಕಮ್ಮ, ನೀವು ಇಂಗ್ಲಿಷ್ ಬಿ.ಎ. ಅಲ್ವಾ, ಒಮ್ಮೆ ಓದಿ ನೋಡಿ” ಎಂದಳು. ನನ್ನ ಡಿಗ್ರಿ ಮನೆಯವರಿಗೆ ನೆನಪಾಗುವುದು ಹೀಗೆ ವರ್ಷಕ್ಕೊಮ್ಮೆ. ಕನ್ನಡಕ ಹಾಕಿಕೊಂಡು ಓದಿದೆ. ಎಲ್ಲ ಹಕ್ಕುಗಳೂ ಶಾಶ್ವತವಾಗಿ, ಜಗತ್ತಿನ ಎಲ್ಲೆಡೆ, ಈಗ ಇರುವ ಮತ್ತು ಮುಂದೆ ಬರಬಹುದಾದ ಎಲ್ಲ ರೂಪಗಳಲ್ಲಿ ಕಂಪನಿಗೆ. ಹಿಂಬದಿಯಲ್ಲಿ ಕಂಪನಿಯ ಹೆಸರು ಮಾತ್ರ. ಐದು ವರ್ಷ ಅದೇ ಶೈಲಿಯಲ್ಲಿ ಬೇರೆಯವರಿಗೆ ಏನೂ ಬರೆಯಕೂಡದು. ಕೊನೆಯದನ್ನು ಎರಡು ಸಲ ಓದಿದೆ. ಇವಳ ಶೈಲಿ ಎಂದರೆ ಇವಳ ಕೈ. ಕೈಯನ್ನು ಐದು ವರ್ಷ ಕಟ್ಟಿ ಇಡುವುದು ಹೇಗೆ?

ಆಗ ನನಗೆ ನೆನಪಾದವಳು ಕೇಟ್ ಗ್ರೀನವೇ. ನಮ್ಮ ಬಿ.ಎ. ಪಾಠದಲ್ಲಿ ರಸ್ಕಿನ್ ಇದ್ದ. ಅವನ ಸ್ನೇಹಿತೆ ಎಂದು ಈ ಚಿತ್ರಗಾರ್ತಿಯ ಹೆಸರು ಬಂದಿತ್ತು. ಮಾರ್ಕಸ್ ವಾರ್ಡ್ ಎಂಬ ಕಂಪನಿಗೆ ಅವಳು ಬರೆದುಕೊಟ್ಟ ಒಂದು ವ್ಯಾಲೆಂಟೈನ್ ಕಾರ್ಡು ಕೆಲವೇ ವಾರಗಳಲ್ಲಿ 25,000ಕ್ಕೂ ಹೆಚ್ಚು ಮಾರಿ ಹೋಯಿತಂತೆ. ಅವಳ ಕೈಗೆ ಬಂದದ್ದು ಸುಮಾರು 3 ಪೌಂಡು! ಮುಂದೆ ತನ್ನ ಮೂಲ ಚಿತ್ರಗಳನ್ನು ಮರಳಿ ಕೇಳಿದಾಗ ಅವರು ಕೊಡಲಿಲ್ಲ, ಸಂಬಂಧ ಕಡಿಯಿತು. ಆಮೇಲೆ ಎಡ್ಮಂಡ್ ಇವಾನ್ಸ್ ಎಂಬ ಮುದ್ರಕನ ಜೊತೆ ಲಾಭದಲ್ಲಿ ಪಾಲು ಎಂಬ ಕರಾರಿನ ಮೇಲೆ 1879ರಲ್ಲಿ ಪುಸ್ತಕ ತಂದಳು. ಮೊದಲ ಮುದ್ರಣವೇ 20,000, ಅದೂ ಸಾಲದೆ ಮತ್ತೆ ಅಚ್ಚಾಯಿತು. ಅದೇ ಕೈ, ಅದೇ ಪುಟ್ಟ ಮಕ್ಕಳ ಚಿತ್ರಗಳು, ಬದಲಾದದ್ದು ಕರಾರು. ಅಮೆರಿಕದಲ್ಲಿ ಅದಕ್ಕೂ ಮೊದಲೇ ಎಸ್ತರ್ ಹೌಲಂಡ್ ಎಂಬ ಕಾಲೇಜು ಮುಗಿಸಿದ ಹುಡುಗಿ ಮನೆಯಲ್ಲೇ ಗೆಳತಿಯರನ್ನು ಕೂರಿಸಿಕೊಂಡು ಲೇಸಿನ ಕಾರ್ಡು ಮಾಡಿಸುತ್ತಿದ್ದಳು. ಇನ್ನೂರು ಡಾಲರಿನಷ್ಟು ಆರ್ಡರು ಬಂದರೆ ಸಾಕೆಂದು ಅಣ್ಣನ ಕೈಯಲ್ಲಿ ಮಾದರಿ ಕಳಿಸಿದರೆ, ಅವನು ಐದು ಸಾವಿರಕ್ಕೂ ಮಿಕ್ಕಿ ತಂದ ಎಂಬ ಕತೆ ಪ್ರಸಿದ್ಧ. ಅವಳು ತನ್ನ ಕಾರ್ಡುಗಳ ಹಿಂಬದಿಯಲ್ಲಿ ಕೆಂಪು ಶಾಯಿಯ ‘ಎಚ್’ ಅಕ್ಷರ ಒತ್ತುತ್ತಿದ್ದಳು. ಇಂದಿಗೂ ಹಳೆಯ ಕಾರ್ಡು ಕೂಡಿಡುವವರು ಮೊದಲು ತಿರುಗಿಸಿ ಹುಡುಕುವುದು ಆ ಅಕ್ಷರವನ್ನು.

ನಮ್ಮ ಕಾನೂನನ್ನೂ ತಿಳಿದವರ ಹತ್ತಿರ ಕೇಳಿಕೊಂಡೆವು. ನೀವೂ ಕೇಳಿಸಿಕೊಳ್ಳಿ, ಯಾಕೆಂದರೆ ಚಿತ್ರ ಬರೆಯುವ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ನೀವಾಗಿ ಬರೆದ ಚಿತ್ರದ ಹಕ್ಕು ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಆಗಲೇಬೇಕೆಂದಿಲ್ಲ. ನಿಮ್ಮ ಜೀವಮಾನ ಮತ್ತು ಅದರ ಮೇಲೆ 60 ವರ್ಷ. ಆದರೆ ಯಾರೋ ಹಣ ಕೊಟ್ಟು “ಹೀಗೆ ಬರೆದುಕೊಡಿ” ಎಂದು ಬರೆಸಿಕೊಂಡ ಪೇಂಟಿಂಗಿನ ಮೊದಲ ಹಕ್ಕುದಾರ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿಕೊಂಡವನೇ. ಕರಾರು ಕಾಗದದಲ್ಲಿರಲಿ ಎನ್ನುವುದು ಅದಕ್ಕೇ. ಹಕ್ಕನ್ನು ವರ್ಗಾಯಿಸುವುದು ಬರಹದಲ್ಲಿ, ಸಹಿಯೊಂದಿಗೆ ಆದರೆ ಮಾತ್ರ ಊರ್ಜಿತ. ಎಷ್ಟು ಕಾಲ ಎಂದು ಬರೆಯದಿದ್ದರೆ ಐದು ವರ್ಷ ಎಂದೂ, ಎಲ್ಲಿ ಎಂದು ಬರೆಯದಿದ್ದರೆ ಭಾರತದೊಳಗೆ ಎಂದೂ ಕಾನೂನೇ ಅರ್ಥ ಮಾಡಿಕೊಳ್ಳುತ್ತದೆ. ಕಂಪನಿಯವರು ‘ಶಾಶ್ವತ’, ‘ಜಗತ್ತಿನ ಎಲ್ಲೆಡೆ’ ಎಂದು ಒತ್ತಿ ಬರೆದದ್ದು ಯಾಕೆಂದು ಆಗ ಅರ್ಥವಾಯಿತು. ಇನ್ನೊಂದು ಮಾತು: ಸಾವಿರ ಚಂದ್ರರೆಂಬ ಕಲ್ಪನೆ ಯಾರ ಸ್ವತ್ತೂ ಅಲ್ಲ. ಆ ಚಂದ್ರರನ್ನು ಅವಳು ಜೋಡಿಸಿದ ರೀತಿ, ಆ ಹುಡುಗಿಯ ನಿಲುವು ಅವಳದು.

ಸಣ್ಣವರು ಗೆದ್ದದ್ದೂ ಉಂಟು. ಅಮೆರಿಕದ ಕೊಲರಾಡೋದಲ್ಲಿ ಸೂಸನ್ ಮತ್ತು ಸ್ಟೀಫನ್ ಶುಟ್ಜ್ ಎಂಬ ಗಂಡ ಹೆಂಡತಿ, ಅವಳು ಸಾಲು ಬರೆದು ಅವನು ಚಿತ್ರ ಬರೆದು, ಮೊದಮೊದಲು ಟ್ರಕ್ಕಿನಲ್ಲಿ ಊರೂರು ಸುತ್ತಿ ಪೋಸ್ಟರು ಮಾರಿದವರು. ಅವರ ಬ್ಲೂ ಮೌಂಟನ್ ಕಾರ್ಡುಗಳು ಹೆಸರು ಮಾಡಿದ ಮೇಲೆ, 1986ರಲ್ಲಿ ಹಾಲ್‌ಮಾರ್ಕ್ ಕಂಪನಿ ಅದೇ ರೂಪಿನ ಕಾರ್ಡು ತಂದಿತು. ಇವರು ಕೋರ್ಟಿಗೆ ಹೋದರು. ಒಂದೊಂದು ಚಿತ್ರ ಕದ್ದರೆಂದಲ್ಲ, ಕಾರ್ಡಿನ ಒಟ್ಟು ನೋಟವನ್ನೇ ಅನುಕರಿಸಿದರು ಎಂಬುದು ವಾದ. ಕೋರ್ಟು 83 ಕಾರ್ಡುಗಳನ್ನು ತಡೆಹಿಡಿಯಿತು, 1988ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮುಂದೆ ಅವರು ಇಂಟರ್‌ನೆಟ್ಟಿನಲ್ಲಿ ಇ-ಕಾರ್ಡು ಆರಂಭಿಸಿ 1999ರಲ್ಲಿ ಅದನ್ನು ಹಣ ಮತ್ತು ಶೇರು ಸೇರಿ 780 ಮಿಲಿಯನ್ ಡಾಲರಿಗೆ ಮಾರಿದರು. ಕೊಂಡವರು ಎರಡೇ ವರ್ಷದಲ್ಲಿ ದಿವಾಳಿಯ ದಾರಿ ಹಿಡಿದು 35 ಮಿಲಿಯನ್ನಿಗೆ ಕೈಬಿಟ್ಟರು. ಡೊಂಬಿವಲಿಗೆ ಅಷ್ಟು ದೊಡ್ಡ ಕನಸು ಬೇಡ. ಶುಟ್ಜ್ ದಂಪತಿಗಳಿಗೆ ವಕೀಲರನ್ನು ಇಡುವ ಶಕ್ತಿಯೂ ಆಗ ಬಂದಿತ್ತು. ಆದರೆ ಆ ಹೊತ್ತಿಗೆ ಹಿಂಬದಿಯ ಹೆಸರನ್ನು ಅವರು ಮಾರಿಕೊಂಡಿರಲಿಲ್ಲ.

ಅಳಿಯನಿಗೆ ಸಹಿ ಹಾಕಿಬಿಡೋಣ ಎಂದೇ ಇತ್ತು. ಅವನನ್ನು ತಪ್ಪೆನ್ನಲಾರೆ, ರಾತ್ರಿ ಪಾಳಿಗೆ ಹೋದವನು ಅವನು. “ಹಕ್ಕು ಇಟ್ಟುಕೊಂಡು ಮಂಚದಡಿ ತುಂಬಿಸಬೇಕಾ ಚಿಕ್ಕಮ್ಮ?” ಎಂದ. ಎರಡು ಸಂಜೆ ವಾದ ನಡೆಯಿತು, ಒಂದು ಸಂಜೆ ಯಾರೂ ಮಾತಾಡಲಿಲ್ಲ. ಕೊನೆಗೆ ಇಬ್ಬರೂ ಸೇರಿ ಉತ್ತರ ಬರೆದರು, ಇಂಗ್ಲಿಷು ನನ್ನದು: 140 ಅಲ್ಲ, 20 ಡಿಸೈನು, ಮೂರು ವರ್ಷ, ಭಾರತದೊಳಗೆ, ಕಾರ್ಡಿಗೆ ಮಾತ್ರ, ಕಪ್ಪು ಟೀ ಶರ್ಟುಗಳಿಗಲ್ಲ, ಮಾರಿದ ಪ್ರತಿ ಕಾರ್ಡಿಗೆ ಇಷ್ಟು ಪಾಲು, ಸ್ವಲ್ಪ ಮುಂಗಡ, ಹಿಂಬದಿಯಲ್ಲಿ ಇಬ್ಬರ ಹೆಸರು. ಚಂದ್ರರ ಕಾರ್ಡು ಆ 20ರಲ್ಲಿ ಇಲ್ಲ.

ಕಂಪನಿಯಿಂದ ಬಂದದ್ದು ಒಂದು ಸಾಲು, ಯೋಚಿಸಿ ತಿಳಿಸುತ್ತೇವೆ ಎಂದು. ಏಳು ವಾರ ಆಯಿತು. ಫೀಸಿನ ಮೊದಲ ಕಂತು ಠಾಣೆಯ ಒಂದು ಮದುವೆಯ 350 ಕರೆಯೋಲೆಗಳಿಂದ ಹೋಯಿತು. ಎರಡನೆಯದಕ್ಕೆ ದೀಪಾವಳಿಯನ್ನು ನಂಬಿದ್ದಾರೆ. ಮೊನ್ನೆ ಹೋದಾಗ ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ದಾರಕ್ಕೆ ಕ್ಲಿಪ್ಪು ಹಾಕಿ ಹಸಿ ಕಾರ್ಡುಗಳನ್ನು ಒಣಹಾಕಿದ್ದರು. ಹಳದಿ ಬಣ್ಣ ಒಂದು ಎಳೆತ ಮುಗಿದಿತ್ತು, ಕೆಂಪು ಇನ್ನೂ ಬಾಕಿ.